ಹೇಳಿದ ರೇಟಿಗೇ

ಕುಡಚಡೆ ಸ್ಟೇಷನ್ನಿನ ಆಚೆ, ಗೇಟು ದಾಟಿದ್ರ
ನಾಕು ಖೋಲಿ, ಒಂದು ಬಾವಿ, ಟ್ರಕ್ಕು ತಿರುಗೋವಷ್ಟು ಅಂಗಳ.
ಮಾರೋದೈತಿ ಅಂತ ಬೋರ್ಡು ಹಾಕಿರಲಿಲ್ಲ.
ಹಾಕಿದ್ರ, ಸಾಲ ಕೊಟ್ಟವರೇ ಮೊದಲು ಓದ್ತಾರ.

ಗಣಿ ನಡದಾಗ ಇದೇ ಖೋಲ್ಯಾಗ
ಒಂದೇ ಹಾಸಿಗಿಗೆ ಮೂರು ಪಾಳಿ, ಮೂರು ಮಂದಿ.
ಒಬ್ಬನ ಮೈಕಾವು ಆರೋದರೊಳಗ ಇನ್ನೊಬ್ಬ ಬರ್ತಿದ್ದ,
ಇಂಡಿಯಂವ, ಸಂಡೂರಿನಂವ, ಕಲಘಟಗಿಯಂವ,
ಕೆಂಪು ಹುಬ್ಬು, ಕೆಂಪು ಕಿವಿ, ಬೆವರೂ ಕೆಂಪು.
ಅವರ ರೊಟ್ಟಿ ನನ್ನ ಖಾನಾವಳ್ಯಾಗ.
ನಾ ರೊಟ್ಟಿ ಎಣಿಸಿದೆ, ಉಲ್ಹಾಸ ಗಾಂವಕರ ತಲಿ ಎಣಿಸಿದ.
ಜ್ವಾಳದ ಚೀಲ ಇಡಾಕ ಒಂದು ಖೋಲಿ ಕೇಳಿದ್ದೆ ಆಗ.
ನಕ್ಕಿದ್ದ: "ಬಾಯೀ, ಇದು ಖೋಲಿ ಅಲ್ಲ, ಹಿಂಡೋ ಎಮ್ಮಿ."

ಒಂದಿನ ನಸುಕಿನ್ಯಾಗ ಎಚ್ಚರಾತು,
ರಸ್ತೆದಾಗ ಸದ್ದಿಲ್ಲ ಅನ್ನೋದಕ್ಕೇ ಎಚ್ಚರಾತು.
ವಾರ ಅಂದ್ರು. ತಿಂಗಳು ಅಂದ್ರು. ಕೋರ್ಟು ಅಂದ್ರು.
ನಿಂತ ಟ್ರಕ್ಕಿನ ಬಾಡ್ಯಾಗ ಮಳಿನೀರು,
ನೀರಾಗ ಕಪ್ಪಿ, ಕಪ್ಪಿ ಕೂಗೋ ಹೊತ್ತಿಗೆ ಬ್ಯಾಂಕಿನವರ ಫೋನು.
ನನ್ನ ಕೈಯಾಗ ರೊಕ್ಕ ಹೆಂಗ ಉಳೀತು ಅಂತ ಕೇಳ್ತಾರ ಮಂದಿ.
ಶಾಣೇತನ ಏನಲ್ಲ. ಎಲ್ಲಾರೂ ಟ್ರಕ್ಕು ತಗೊಂಡ್ರು,
ನನಗ ಯಾರೂ ಸಾಲ ಕೊಡಲಿಲ್ಲ, ಅಷ್ಟ.

ದಲಾಲಿ ಮಿಂಗೇಲ ಹೇಳಿದ,
"ಬೀಳೋ ಪೇಟ್ಯಾಗ ತಗೋಬೇಕು, ಏಳೋ ಪೇಟ್ಯಾಗ ಮಾರಬೇಕು."
ಇದೇ ತಳ ಅಂತ ಹೆಂಗ ಗೊತ್ತಾಗತೈತಿ, ಕೇಳಿದೆ.
"ಅದನ್ನ ದಾಟಿ ಮ್ಯಾಲ ಬಂದ ಮ್ಯಾಲ" ಅಂದ,
ನನ್ನ ಎರಡನೇ ಬೋಂಡಾ ಮುರಕೊಂತ.

ಹಿಟ್ಟು ನಾದುವಾಗ ಪಾಠ ಮಾಡಕೊಂಡೆ:
ಹದಿನಾಲ್ಕು ಅನ್ನಬೇಕು.
ಅಂವ ಇಪ್ಪತ್ತೈದು ಅಂತಾನ.
ನಾ ಸೆರಗು ಕೊಡವಿ ಏಳಬೇಕು.
ಕೂಡ್ರಿ ಕೂಡ್ರಿ ಅನ್ನಬೇಕು.
ಹತ್ತೊಂಬತ್ತಕ್ಕ ಒಳಗಿಂದ ಚಹಾ ಬರಬೇಕು.

"ಹದಿನಾಲ್ಕು" ಅಂದೆ.
"ಆಯ್ತು" ಅಂದ.

ಚಹಾ ಬರಲಿಲ್ಲ.
ಏಳಾಕಂತ ಸೆರಗು ಹಿಡದ ಕೈ ಅಲ್ಲೇ ಉಳೀತು,
ಇಪ್ಪತ್ತು ವರ್ಷ ಬಾಡಗಿ ವಸೂಲಿ ಮಾಡಿದ ಮನಷ್ಯಾ
ಗ್ವಾಡಿ ಮ್ಯಾಲಿನ ಮೊಳಿ ನೋಡಕೊಂತ ಕುಂತಿದ್ದ.

ಹೇಳಿದ ರೇಟಿಗೇ ಒಪ್ಪಿದ್ರ ಎರಡೇ ಅರ್ಥ:
ನಾ ಹೆಚ್ಚು ಹೇಳೇನಿ, ಇಲ್ಲಾ ಅಂವ ಮುಗದಾನ.
ದಾರಿ ತುಂಬ ಮೊದಲನೇದಕ್ಕ ಹೆದರಿದೆ.
ಮನಿ ಮುಟ್ಟಿದ ಮ್ಯಾಲ ಎರಡನೇದಕ್ಕ.

ಕೇಪೆ ರಜಿಸ್ಟ್ರಾರ್ ಆಫೀಸು.
ಗೋವಾದಾಗ ಗಂಡ ಮಾರಿದ್ರ ಹೆಂಡತಿ ಸಹಿ ಬೇಕು.
ಸುಲಕ್ಷಾ ಬಸ್ಸಿನಾಗ ಬಂದ್ಲು, ಬ್ಯಾರೆಯಾಗಿ,
ಛತ್ರಿ ಮಡಚಿ, ಚಸ್ಮಾ ಒರಸಿ, ಓದಾಕ ಕುಂತ್ಲು.
ವಕೀಲ ಗಡಿಯಾರ ನೋಡಿದ. ಉಲ್ಹಾಸ ಹೊರಗ ಹೋಗಿ ನಿಂತ.
ನಾಕನೇ ಪುಟಕ್ಕ ಬೆರಳಿಟ್ಟು ತಲಿ ಎತ್ತಿದ್ಲು.
ಎದಿ ಝಲ್ ಅಂತು ನಂದು. ರೇಟು ಕೇಳ್ತಾಳ, ಅನಕೊಂಡೆ.
"ಇದರಾಗ ಬಾವಿ ಬರದಿಲ್ಲ" ಅಂದ್ಲು.
"ನಾಳೆ ಯಾರರೆ ತಕರಾರು ತಗೀತಾರ. ಬಾವಿ ಬರೀರಿ."
ಟೈಪಿಸ್ಟು ಮತ್ತ ಹಾಳಿ ತುರುಕಿದ.
ಪೂರ್ವಕ್ಕ ರಸ್ತೆ, ಪಶ್ಚಿಮಕ್ಕ ದೇಸಾಯರ ಗೇರುತೋಟ,
ಒಂದು ಕಲ್ಲುಕಟ್ಟಿನ ಬಾವಿ, ಗಡಗಡಿ ಸಮೇತ.
ಹೆಚ್ಚಿನ ಹಾಳಿಯ ಇನ್ನೂರು ರೂಪಾಯಿ ನಾ ಕೊಟ್ಟೆ.
ಅದೊಂದೇ, ಆ ವ್ಯವಹಾರದಾಗ ನಾ ಹೆಚ್ಚಿಗಿ ಕೊಟ್ಟಿದ್ದು.

ಇದು ಮೂರನೇ ಮಳಿಗಾಲ.
ಎರಡು ಖೋಲ್ಯಾಗ ಆಸಾಮಿನ ಹುಡುಗರು, ಎರಡಕ್ಕ ಕೀಲಿ.
ಸುಣ್ಣ ಹಚ್ಚಿದ್ರ ಎಂಟು ದಿನದಾಗ ಒಳಗಿನ ಕೆಂಪು ಮ್ಯಾಲ ಬರತೈತಿ.
ಈಗ ಹನ್ನೊಂದಕ್ಕೂ ಯಾರೂ ಕೇಳೋದಿಲ್ಲ ಅಂತಾನ ಮಿಂಗೇಲ,
ತಳ ಅಲ್ಲ ಅದು, ಅಟ್ಟ ಅಂತಾನ.
ಗಣಿ ಚಾಲೂ ಆಗತೈತಂತ. ಹೋದ ದೀಪಾವಳಿಗೂ ಆಗತಿತ್ತು.

ನಿನ್ನೆ ರಾತ್ರಿ ಗೇಟಿನ ಕಡೆ ದೊಡ್ಡ ಗಾಡಿ ಸದ್ದು.
ಎದ್ದು ಕುಂತೆ. ಚಪ್ಪಲಿ ಹಾಕ್ಕೊಂಡೆ. ಬಾಗಲಾ ತಗದೆ.
ನೀರಿನ ಟ್ಯಾಂಕರು.
ನಮ್ಮ ಅಂಗಳದಾಗ ನಿಲ್ಲಲಿಲ್ಲ, ಮುಂದ ಹೋತು.
ನಮಗ ಬಾವಿ ಐತಿ.