ಕೆಳಗಿನ ಸೀಳು

ರಾತ್ರಿ ಒಂಬತ್ತೂಕಾಲಿಗೆ ಡಾರ್ಲಾಳ ಫೋನು:
"ಐಲಿ, ಒಬ್ಬ ಹುಡುಗ. ಮೂರು ತುಂಬಿಲ್ಲ.
ಆಸ್ಪತ್ರೆಯಲ್ಲಿದ್ದಾನೆ, ಅವನಿಗೇನೂ ಆಗಿಲ್ಲ,
ಕರೆದೊಯ್ಯುವವರಿಲ್ಲ, ಅಷ್ಟೆ."
ಅಷ್ಟೆ ಅನ್ನುವ ಮಾತನ್ನು ಈ ಇಲಾಖೆಯವರು
ಉಪ್ಪಿನ ಹಾಗೆ ಉದುರಿಸುತ್ತಾರೆ.

ಗ್ಯಾರೇಜಿನ ದೀಪ ಹಾಕಿದೆ.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ;
ಥಂಡರ್ ಬೇಯ ಬೀದಿಯಲ್ಲಿ ನಾಯಿಯೂ ಇಲ್ಲ.
ಸೀಟನ್ನು ಕಾರಿನಿಂದ ಬಿಚ್ಚಿ ತಂದು
ಮರಗೆಲಸದ ಬೆಂಚಿನ ಮೇಲೆ ಬೋರಲು ಹಾಕಿದೆ.
ಬೆನ್ನಲ್ಲಿ ನಾಲ್ಕು ಜೊತೆ ಸೀಳು.
ಪಟ್ಟಿಗಳು ಎಲ್ಲಕ್ಕಿಂತ ಮೇಲಿನದರಲ್ಲಿ,
ಜೋಸೆಟ್ ಬಿಟ್ಟು ಹೋದ ಎತ್ತರದಲ್ಲೇ ಇದ್ದವು.

ಬೇರೆ ಮನೆಗಳಲ್ಲಿ ಈ ಪಟ್ಟಿ ಮೇಲಕ್ಕೆ ಮಾತ್ರ ಹೋಗುತ್ತದೆ.
ಅಪ್ಪನೋ ಅಮ್ಮನೋ ಒಂದು ಭಾನುವಾರ ಕೂತು
ಅಯ್ಯೋ, ಇಷ್ಟು ಬೇಗ ಬೆಳೆದಳೇ ಎಂದು ಗೊಣಗುತ್ತ
ಒಂದು ಸೀಳು ಏರಿಸುತ್ತಾರೆ.
ನನ್ನಲ್ಲಿ ಇಳಿಯುತ್ತದೆ ಕೂಡ.
ಈ ಸೀಟಿಗೆ ಐದು ವರ್ಷ, ಏಳು ಮಕ್ಕಳು.
ಸವೆದ ಗುರುತುಗಳನ್ನಷ್ಟೇ ನೋಡಿದವರು
ಒಂದೇ ಮಗು ಬೆಳೆದು, ಕುಗ್ಗಿ,
ಮತ್ತೆ ಬೆಳೆಯಿತು ಅಂದುಕೊಂಡಾರು.

ಹಿಂಬದಿಯ ಕಬ್ಬಿಣದ ಕೊಕ್ಕೆಯಿಂದ
ಎರಡೂ ಕುಣಿಕೆ ತಪ್ಪಿಸಿ, ಮುಂದಿನಿಂದ ಎಳೆದೆ.
ಪಟ್ಟಿಯ ಜೊತೆಗೇ ಬಂತು ಬಿಸ್ಕತ್ತಿನ ಪುಡಿ,
ಒಂದು ಒಣ ದ್ರಾಕ್ಷಿ,
ಅರ್ಧ ಹರಿದ ಹಿಮಕರಡಿಯ ಸ್ಟಿಕ್ಕರ್.
ಪುಡಿಯನ್ನು ಗುಡಿಸಿದೆ.
ಸ್ಟಿಕ್ಕರನ್ನು, ಯಾಕೋ, ಅಲ್ಲೇ ಬಿಟ್ಟೆ.

ಇಪ್ಪತ್ತೆರಡು ವರ್ಷ ನಾನು ಬಂದರಿನಲ್ಲಿ
ಗೋಧಿ ಹಡಗುಗಳ ಹಗ್ಗ ಹಿಡಿದವಳು.
ತೋಳು ದಪ್ಪದ ಹಗ್ಗ. ಅದಕ್ಕೆ ಸಡಿಲ ಬಿಡಬೇಕು,
ಕಾಳು ಬಿದ್ದಂತೆಲ್ಲ ಹಡಗು ತಗ್ಗುತ್ತದೆ,
ಬಿಗಿದರೆ ಕಿತ್ತುಕೊಂಡು ಯಾರನ್ನಾದರೂ ಕೊಲ್ಲುತ್ತದೆ.
ಆ ಕೈಗೆ ಈ ಎರಡು ಬೆರಳಗಲದ ಪಟ್ಟಿ
ಇವತ್ತಿಗೂ ಹೊಸ ಪಾಠ.
ತಿರುಚಬಾರದು. ಸಡಿಲ ಬಿಡಬಾರದು.
ಕೆಳಗಿನಿಂದ ಎರಡನೆಯದಕ್ಕೆ ತೂರಿಸಿದೆ,
ಅಂದಾಜಿನ ಮೇಲೆ,
ನೋಡದ ಭುಜಗಳಿಗೆ.

ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ, ಟಾರಸ್,
ಯಾರದೋ ದೊಡ್ಡ ಕೋಟಿನೊಳಗೆ.
ಕೋಟು ಬಿಚ್ಚಿಸಬೇಕು, ಅದೇ ಕಷ್ಟ.
ದಪ್ಪ ಕೋಟಿನ ಮೇಲೆ ಬಿಗಿದದ್ದು ಬಿಗಿಯಲ್ಲ,
ಗಾಡಿ ಗುದ್ದಿದ ಕ್ಷಣ ಹತ್ತಿ ಒಳಗೆ ಕುಸಿದು
ಮಗು ಜಾರಿ ಹೋಗುತ್ತದೆ. ಇದನ್ನು
ಮೂರು ತುಂಬದವನಿಗೆ ಹೇಗೆ ಹೇಳಲಿ?
ಅವನಿಗೆ ಗೊತ್ತಾದದ್ದು ಇಷ್ಟೇ:
ಇವಳೂ ಏನನ್ನೋ ಕಿತ್ತುಕೊಳ್ಳುತ್ತಿದ್ದಾಳೆ.

ಅಳಲಿಲ್ಲ. ಕೈ ಎರಡನ್ನೂ ಕೋಲು ಮಾಡಿಕೊಂಡ.
ಒಂದೊಂದೇ ತೋಳು ತೂರಿಸಿ, ಬಕಲ್ ಕೂರಿಸಿ,
ಎದೆಯ ಕ್ಲಿಪ್ಪನ್ನು ಕಂಕುಳಿನ ಮಟ್ಟಕ್ಕೆ ಸರಿಸಿ
ಬಾಲದ ಪಟ್ಟಿ ಎಳೆದೆ.
ಸೀಳು ಸರಿಯಾಗಿತ್ತು. ಭುಜಕ್ಕೆ ಒಂದು ಕೂದಲೆಳೆ ಮೇಲೆ.
ಕೋಟನ್ನು ತಿರುಗಾಮುರುಗಾ ಹೊದಿಸುವ ಮೊದಲು
ಕೊರಳೆಲುಬಿನ ಹತ್ತಿರ ಪಟ್ಟಿಯನ್ನು ಚಿವುಟಿ ನೋಡಿದೆ.
ಬಟ್ಟೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಜನ
ಈ ಕೆಲಸದಲ್ಲಿ ಕಡಿಮೆಯೇನಿಲ್ಲ.
ಕೆಲವು ರಾತ್ರಿ ನಾನೂ ಅವರಲ್ಲೊಬ್ಬಳೇ ಅನಿಸುತ್ತದೆ.
"ಪಟ್ಟಿಯನ್ನು ಚಿವುಟಿದ್ದು ಕಣೋ, ನಿನ್ನನ್ನಲ್ಲ," ಅಂದೆ.
ಅವನು ನನ್ನ ಬೆರಳುಗಳನ್ನೇ ನೋಡುತ್ತಿದ್ದ.

ರೈಲು ದಾಟಿನಲ್ಲಿ ಗೇಟು ಬಿತ್ತು.
ಧಾನ್ಯದ ಗಾಡಿ, ಇನ್ನು ಹತ್ತು ನಿಮಿಷ ಇಲ್ಲೇ.
ಕನ್ನಡಿಯಲ್ಲಿ ಕಂಡೆ: ಕೋಟಿನಡಿಯಿಂದ ಒಂದು ಕೈ ಹೊರಬಂದು
ಹೆಬ್ಬೆರಳು ತೋರುಬೆರಳು ಕೂಡಿಸಿ
ಭುಜದ ಪಟ್ಟಿಯನ್ನು ಚಿವುಟುತ್ತಿದೆ.
ಜಾರುತ್ತದೆ. ಮತ್ತೆ ಚಿವುಟುತ್ತದೆ.
"ಸಿಗ್ತಿಲ್ಲ," ಅಂದ.
ಆ ರಾತ್ರಿ ಅವನಾಡಿದ ಮೊದಲ ಮಾತು.

ಏನು ಸಿಗುತ್ತಿಲ್ಲ ಎಂದು ನಾನು ಕೇಳಲಿಲ್ಲ.
ಹೀಟರು ಒಂದು ಮೆಟ್ಟಿಲು ಏರಿಸಿ
ಹಾದುಹೋಗುತ್ತಿದ್ದ ಡಬ್ಬಿಗಳನ್ನು
ಗಟ್ಟಿಯಾಗಿ ಎಣಿಸತೊಡಗಿದೆ,
ಹದಿನೇಳರಿಂದ, ಮೊದಲಿನವು ತಪ್ಪಿಹೋಗಿದ್ದವು.