ಉರಿ, ಊತ

ಶಿಡ್ಲಘಟ್ಟದಿಂದ ಏಳೂಕಾಲಿನ ಬಸ್ಸು.
ಚಿಕ್ಕಬಳ್ಳಾಪುರದ ಆಸ್ಪತ್ರೆ, ಹಿಂದಿನ ಗೇಟು.
ಹನ್ನೊಂದು ವರ್ಷ ಕೂತ ಬೆಂಚು:
ಮೊಳೆ ಎದ್ದಿರುವುದು ಎಲ್ಲೆಂದು ನನ್ನ ಸೀರೆಗೂ ಗೊತ್ತು.

ವೈರಸ್ಸು ಲೆಕ್ಕಕ್ಕೆ ಸಿಗುತ್ತಿಲ್ಲ ಅಂದರು ಡಾಕ್ಟರು ಸಬೀಹಾ,
ಕಾಗದ ತಿರುಗಿಸಿ ತೋರಿಸಿದರು.
ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ
'ಆದರೂ ಒಳಗೆ ಸಣ್ಣಗೆ ಉರಿಯೂತ ಇದೆ, ಅಕ್ಕಯಮ್ಮ.'

ಉರಿ ಗೊತ್ತು ನನಗೆ.
ಊತ ಗೊತ್ತು.
ರೇಷ್ಮೆಗೂಡು ಬೇಯುವ ನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳು ಇವು,
ಸಂಜೆಗೆ ಬಿಳುಚಿ, ಬಾತು, ಉಂಗುರ ಕಳಚಲು ಬಿಡದವು.
ಎರಡೂ ಕೂಡಿ ಒಂದೇ ಮಾತಾದದ್ದು
ಇವತ್ತೇ ಕೇಳಿದ್ದು.

ಬಿಡಿಸಿ ಹೇಳಿದರು:
ಕಳ್ಳ ಮಲಗಿದ್ದಾನೆ, ಕಾವಲಿನವರು ಮಲಗಿಲ್ಲ.
ದೊಣ್ಣೆ ಹಿಡಿದು ನಿಂತೇ ಇದ್ದಾರೆ ವರ್ಷಗಟ್ಟಲೆ,
ಯಾರೂ ಸಿಗದೆ ಮನೆಯ ಗೋಡೆಗೇ ಬಡಿಯುತ್ತಾರೆ,
ಎದೆಯ ನಾಳಕ್ಕೆ, ಮೂಳೆಗೆ.
ತಲೆಯಾಡಿಸಿದೆ. ನನಗೆ ಕಂಡದ್ದು ಮಾತ್ರ
ನಮ್ಮ ಚರಕದ ಮನೆಯ ಒಲೆ:
ಸೌದೆ ಹೊರಗೆಳೆದು ತಾಸಾದರೂ
ಬೂದಿಯ ಕೆಳಗೆ ಕೆಂಡ ಕೂತು
ಬಾಣಲಿಯ ನೀರು ಗುಳುಗುಳು ಅನ್ನುವುದು.

ಇನ್ನೊಂದು ಮಾತ್ರೆ ಇದೆಯಂತೆ, ದಿನದ ಮಾತ್ರೆಯ ಜೊತೆಗೆ.
ಕೆಂಡ ಆರಿಸುತ್ತದೋ ಇಲ್ಲವೋ, ಇನ್ನೂ ಪರೀಕ್ಷೆಯಲ್ಲಿದೆ.
ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಹಿಟ್ಟು;
ಯಾರಿಗೆ ಯಾವುದು, ಕೊಡುವವರಿಗೂ ತಿಳಿಯದು.
'ಅರಿಶಿನ ಆಗಲ್ವಾ?' ಕೇಳಿದೆ.
ನಗಲಿಲ್ಲ ಅವರು.
ಅದನ್ನೂ ನೋಡುತ್ತಿದ್ದಾರೆ,
ಸಾರಿಗೆ ಹಾಕುವಷ್ಟು ಸಾಲದು ಅಂದರು.

ಒಪ್ಪಿಗೆಯ ಕಾಗದ ಏಳು ಪುಟ.
ನರ್ಸು ಓದಿದಳು, ನಾನು ಕೇಳಿದೆ,
ನಡುವೆ ಎರಡು ಸಲ ಕರೆಂಟು ಹೋಯಿತು.
ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಬೀಳಲಿಲ್ಲ,
ಮೂರು ಸಲವೂ ಬರೀ ನೀಲಿ ಮಚ್ಚೆ.
ನೀರು ತಿಂದಿದೆ ಎಲ್ಲ ಗೆರೆ.
ರೇಷನ್ ಅಂಗಡಿಯ ಯಂತ್ರಕ್ಕೂ ನಾನು ಯಾರೆಂದು ಗೊತ್ತಾಗುವುದಿಲ್ಲ.
'ಇರಲಿ' ಅಂದರು ಡಾಕ್ಟರು,
'ಬೇರೆ ಯಾರದೂ ಹೀಗೆ ಬೀಳಲ್ಲ.'

ಸಂಜೆ ಚಿಲಕ ಹಾಕುವುದು ಮರೆತಿದ್ದೆ.
ಪಕ್ಕದ ಮನೆಯ ಗಂಗುಲಮ್ಮ ಒಳಗೇ ಬಂದಳು,
ಅಂಗೈಯ ಮೇಲೆ ಹೊಸ ಮಾತ್ರೆ.
'ಯಾತಕ್ಕೆ?'
'ಕೀಲುನೋವಿಗೆ ಕಣೇ, ಉರಿಯೂತ.'
ಹನ್ನೊಂದು ವರ್ಷದಿಂದ ಹೇಳಿದ ಸುಳ್ಳೇ.
ಇವತ್ತು ನಾಲಗೆಯ ಮೇಲೆ ಅದಕ್ಕೆ
ಒಂಚೂರು ನಿಜದ ರುಚಿ,

ಇಲ್ಲವೇ ಹಿಟ್ಟಿನದು.