ಉಳಿದ ಅರ್ಧ

ಲಿನೋಲಿಯಂ ಚಳಿಗೆ ಸೆಟೆದುಕೊಳ್ಳುತ್ತದೆ.
ಒಲೆಯ ಪಕ್ಕ ತುಸು ಹೊತ್ತು ಒರಗಿಸಿಟ್ಟರೆ
ನಾದಿದ ಹಿಟ್ಟಿನ ಹಾಗೆ ಮೆದುವಾಗಿ
ಚಾಕು ಹೇಳಿದ ಮಾತು ಕೇಳುತ್ತದೆ.
ಅದರಲ್ಲಿ ನಾನು ಮನುಷ್ಯರನ್ನು ಕೊರೆಯುತ್ತಿದ್ದೆ,
ವಿಯೆನ್ನಾದಲ್ಲಿ, ಐದು ಚಳಿಗಾಲ.
ಶುಕ್ರವಾರ ಬಟವಾಡೆ.

ಮೊದಲನೆಯವನಿಗೆ ಮೂಗು ಇಟ್ಟಿದ್ದೆ.
ಮೀಸೆಯನ್ನೂ. ನಮ್ಮಪ್ಪನ ಮೀಸೆ,
ಬಿಯರಿನ ನೊರೆ ಕೂರುತ್ತಿದ್ದ ಆ ಅಂಚಿನ ಸಮೇತ.
ಮೇಸ್ತ್ರಿ ವೊಂದ್ರಾಚೆಕ್ ಕನ್ನಡಕ ಹಣೆಗೇರಿಸಿ ನೋಡಿದ:
"ಚೆನ್ನಾಗಿದ್ದಾನೆ, ಪೋಲ್ಡಿ. ಆದರೆ ಇವನು ಒಬ್ಬನೇ.
ನಮಗೆ ಬೇಕಾದವನು ಹತ್ತು ಸಾವಿರ."

ಮೂಗು ಹೋಯಿತು. ಮೀಸೆ ಹೋಯಿತು.
ಕೋಟಿನ ಗುಂಡಿಗಳು ಒಂದೊಂದೇ ಉದುರಿದವು.
ಕೊನೆಗೆ ಟೋಪಿ, ಹೆಗಲು,
ಕಿಸೆಗಿಳಿದ ಎರಡು ಕೈ.
ಕೈ ಕಿಸೆಯಲ್ಲಿದ್ದರೆ ಕೆಲಸವಿಲ್ಲದವನು.
ಅದಕ್ಕೆ ಅಕ್ಷರ ಬೇಕೆ?
ನಮ್ಮ ಬೀದಿಯ ನಾಯಿಗೂ ಗೊತ್ತಿತ್ತು.

ಹೊಸ ವಿದ್ಯೆ, ಹೊಸ ವಿದ್ಯೆ ಎಂದು ಪತ್ರಿಕೆಯವರು ಬರೆದರು.
ಮೊರಾವಿಯದಿಂದ ಇಟ್ಟಿಗೆ ಹೊರಲು ಬಂದ ನನ್ನಜ್ಜಿ
ಕೊನೆತನಕ ಹೆಬ್ಬೆಟ್ಟು ಒತ್ತಿಯೇ ಬಾಳಿದವಳು,
ಈ ಊರನ್ನು ಓದಿದ್ದು ಹೀಗೇ ಅಲ್ಲವೆ?
ಹಿತ್ತಾಳೆ ತಟ್ಟೆ ತೂಗಿದರೆ ಕ್ಷೌರ,
ತಗಡಿನ ಬೂಟು ತೂಗಿದರೆ ಮೋಚಿ,
ಗೋಡೆಯ ಮೇಲೆ ಬಾಣಲೆಯಲ್ಲಿ ಬೇಯುವ ಜನ ಕಂಡರೆ
ಇಗರ್ಜಿ.
"ಅವರು ಚಿತ್ರ ಬರೆದು ಅಂಜಿಸಿದರು,
ನಾವು ಚಿತ್ರ ಬರೆದು ಲೆಕ್ಕ ಒಪ್ಪಿಸುತ್ತೇವೆ"
ಎನ್ನುತ್ತಿದ್ದ ವೊಂದ್ರಾಚೆಕ್, ಅಂಟಿನ ಕೈ ಒರೆಸುತ್ತ.

ಲೆಕ್ಕ ಎಂದೂ ಸರಿಯಾಗಿ ಹತ್ತು ಸಾವಿರಕ್ಕೆ ಬಂದು ನಿಲ್ಲದು.
ಮಿಕ್ಕ ಐದು ಸಾವಿರಕ್ಕೆ
ಒಬ್ಬನನ್ನು ನೆತ್ತಿಯಿಂದ ಹಿಮ್ಮಡಿವರೆಗೆ
ಕತ್ತರಿಯಲ್ಲಿ ಸೀಳುತ್ತಿದ್ದೆವು.
ಎಡ ಅರ್ಧ ಹಲಗೆಗೆ.
ಬಲ ಅರ್ಧ ಬುಟ್ಟಿಗೆ.

ಒಂದು ಭಾನುವಾರ
(ಬಂದವರಲ್ಲಿ ಅರ್ಧಕ್ಕರ್ಧ ಬೆಚ್ಚಗಿರಲೆಂದೇ ಬಂದವರು)
ಊರುಗೋಲಿನವನೊಬ್ಬ ಆ ಅರ್ಧದ ಮುಂದೆ ನಿಂತ.
ಕ್ರಾಟೊಖ್ವಿಲ್ ಅಂತ ಹೆಸರು. ಎಡಗಾಲೊಂದೇ.
ಇನ್ನೊಂದನ್ನು ಇಟಲಿಯ ಹೊಳೆದಂಡೆಯಲ್ಲಿ ಬಿಟ್ಟು ಬಂದಿದ್ದ.
"ಅರೆ, ಇದು ನಾನೇ," ಎಂದು ನಕ್ಕ,
"ನಿಮಗೆ ಯಾರು ಹೇಳಿದರು?"

ಕಲಿಸಿದ್ದನ್ನು ಒಪ್ಪಿಸಿದೆ:
ಅದು ನೀವಲ್ಲ, ಸ್ವಾಮಿ, ಅದು ಐದು ಸಾವಿರ ಜನ.
ಅವನು ಊರುಗೋಲಿನ ತುದಿಯಿಂದ
ಸಾಲಿಗೆ ಸಾಲು ಎಣಿಸಿದ, ತುಟಿ ಅಲ್ಲಾಡಿಸುತ್ತ.
"ಹಾಗಾದರೆ ನಾನೆಲ್ಲಿ?"
ಇವರಲ್ಲಿ ಒಬ್ಬರ ಒಳಗೆ.
"ಯಾರ ಒಳಗೆ?"
ಸಿಟ್ಟಿರಲಿಲ್ಲ ಅದರಲ್ಲಿ.
ಗೂಟಕ್ಕೆ ಹಾಕಿದ ತನ್ನ ಕೋಟು ಯಾವುದೆಂದು ಕೇಳುವ ದನಿ.

ಇದಕ್ಕೆ ನನಗೆ ಯಾರೂ ಉತ್ತರ ಕಲಿಸಿರಲಿಲ್ಲ.
ಮೂರನೆಯ ಸಾಲು, ಎರಡನೆಯವನು,
ಎಡ ಹೆಗಲ ಹತ್ತಿರ, ಎಂದೆ.
ಬಹಳ ಹೊತ್ತು ನೋಡಿದ.
"ಇಕ್ಕಟ್ಟು," ಎಂದ.

ಮುಂದಿನ ವಾರ ಮತ್ತೆ ಬಂದ,
ವಠಾರದ ಮೂವರು ಹೆಂಗಸರ ಜೊತೆ.
"ನೋಡಿ, ಇಲ್ಲಿದ್ದೇನೆ, ಹೆಗಲ ಹತ್ತಿರ."
ಆಮೇಲೆ ಪಕ್ಕದ ಹಲಗೆಗೆ ಕರೆದೊಯ್ದ,
ಸಣ್ಣ ಸಣ್ಣ ಶವಪೆಟ್ಟಿಗೆಗಳ ಹಲಗೆ,
ನಾನು ಕೊರೆದದ್ದೇ.
ಕಿಟಕಿಯಿಲ್ಲದ ಮನೆಗಳ ಸಾಲಿಗೆ ಇಷ್ಟು,
ಕಿಟಕಿಯಿರುವ ಸಾಲಿಗೆ ಇಷ್ಟು.
ಬಾಯಿಬಿಟ್ಟು ಏನೂ ಹೇಳಲಿಲ್ಲ ಅವನು.
ಹೆಂಗಸರಲ್ಲಿ ಕಿರಿಯವಳು
ಮೇಲಿನ ಸಾಲನ್ನು ಬೆರಳಿಟ್ಟು ಎಣಿಸಿದಳು,
ಐದನೆಯದರ ಮೇಲೆ ಬೆರಳು ನಿಂತಿತು.
ನಾನು ದೀಪದ ಬತ್ತಿ ಸರಿಮಾಡುವ ನೆಪದಲ್ಲಿ ತಿರುಗಿದೆ.
ಅದು ವಿದ್ಯುತ್ ದೀಪ. ಬತ್ತಿಯಿರಲಿಲ್ಲ.

ಆ ಫೆಬ್ರವರಿ
ಕಿಟಕಿಯಿದ್ದ ಮನೆಗಳ ಮೇಲೆಯೇ ಫಿರಂಗಿ ಹಾರಿದವು.
ಸಭಾಂಗಣಕ್ಕೆ ಬೇರೆ ಬೀಗ ಬಿತ್ತು, ಬೇರೆ ಸಾಹೇಬರು ಬಂದರು.
ನಮ್ಮ ಸಾಮಾನು ಒಯ್ಯಲು ಕಾಲು ಗಂಟೆ ಕೊಟ್ಟರು.
ವೊಂದ್ರಾಚೆಕ್ ತನ್ನ ಏಪ್ರನ್ ತೆಗೆದುಕೊಂಡ.
ನಾನು ಬುಟ್ಟಿ.

ಈಗ ಸುರಂಗ ರೈಲಿನ ಮೆಟ್ಟಿಲಲ್ಲಿ,
ಶೌಚಾಲಯದ ಬಾಗಿಲಲ್ಲಿ,
ಅವರ ಮೊಮ್ಮಕ್ಕಳು ಮೂಗಿಲ್ಲದೆ ನಿಂತಿರುತ್ತಾರೆ.
ಓಡು, ತಿರುಗು, ಇಲ್ಲಿ ನಿಲ್ಲಬೇಡ.
ಜನ ಅವರ ಮಾತು ಕೇಳುತ್ತಾರೆ.
ಇದರೊಳಗೆ ನಾನೆಲ್ಲಿ ಎಂದು
ಯಾರೂ ನಿಂತು ಕೇಳಿದ್ದು ಕಂಡಿಲ್ಲ.

ಬಲ ಅರ್ಧಗಳು ನನ್ನ ಬಳಿಯೇ ಇವೆ, ಬಿಸ್ಕತ್ತಿನ ಡಬ್ಬಿಯಲ್ಲಿ.
ಕೆಂಪು ಮಾಸಿ ಇಟ್ಟಿಗೆ ಬಣ್ಣಕ್ಕೆ ಬಂದಿವೆ.
ಒಬ್ಬೊಬ್ಬರಿಗೂ ಒಂದು ಕೈ, ಕಿಸೆಯಲ್ಲಿ.
ಒಂದು ಕಾಲು.
ಎಷ್ಟು ಜನ ಎಂದು ಎಣಿಸಿಲ್ಲ.